ಹಕಾರವಿಲ್ಲದ ಆಟ

ಮಗಳ ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕಿಸಲು ಹೋದ ತಿಂಗಳು ಚನ್ನರಾಯಪಟ್ಟಣದ ಒಂದು ಪ್ರೆಸ್ಸಿಗೆ ಹೋಗಿದ್ದೆ. ಕರಡು ತಿದ್ದುವುದರಲ್ಲಿ ನಾನು ಮನೆಮಂದಿಗೆಲ್ಲ ಕುಖ್ಯಾತ. ಮುಹೂರ್ತದ ವೇಳೆ ಸರಿಯಿದೆಯೇ ಎಂದು ಮತ್ತೆ ಮತ್ತೆ ನೋಡುತ್ತೇನೆ, ನನ್ನ ಹೆಸರು ನನ್ನದೇ ಹೌದೇ ಎಂದು ಇನ್ನೊಮ್ಮೆ ನೋಡುತ್ತೇನೆ, ಆಮೇಲೆ ಪ್ರೆಸ್ಸಿನವನ ತಾಳ್ಮೆ ಎಷ್ಟು ಮಿಕ್ಕಿದೆ ಎಂದು ಅವನ ಮುಖ ನೋಡುತ್ತೇನೆ. ಅವನ ಮುಖ ನೋಡುವ ಹಂತದಲ್ಲಿದ್ದಾಗ ಒಳಗೆ ಯಾರೋ ಕಾಗದ ಕತ್ತರಿಸುವ ಯಂತ್ರದ ಹಿಡಿ ಒತ್ತಿದರು. ದಪ್ಪ ಕಾರ್ಡಿನ ಅಂಚು ಕತ್ತರಿಸಿ ಬೀಳುವಾಗ ಒಂದು ವಾಸನೆ ಏಳುತ್ತದೆ. ಹೊಸ ರಟ್ಟು, ಮಸಿ, ಯಂತ್ರ ಒರೆಸಿದ ಸೀಮೆಎಣ್ಣೆ, ಎಲ್ಲ ಸೇರಿದ್ದು.

"ಸಾ, ಓಕೆ ಮಾಡ್ಲಾ?" ಎಂದು ಪ್ರೆಸ್ಸಿನವನು ಕೇಳಿದನಂತೆ. ಎರಡು ಸಲ ಕೇಳಿದನಂತೆ. ನಾನಾಗ ಹೊಳೆನರಸೀಪುರದ ನಮ್ಮ ಹಳೆಯ ಬಾಡಿಗೆ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು, ಇಂಥದೇ ಕಾರ್ಡಿನ ತುಂಡುಗಳ ಮೇಲೆ ಪ್ರಶ್ನೆ ಬರೆಯುತ್ತಿದ್ದೆ. ಹೊರಗೆ ಮಳೆ ಸುರಿಯುತ್ತಿತ್ತು. ಎದುರಿಗೆ ಅಕ್ಕ ಗೋಡೆಗೆ ಒರಗಿ, ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮಳೆಗಾಲ ಅದು. ಮನೆಯಲ್ಲಿದ್ದವರು ನಾವಿಬ್ಬರೇ. ಅಕ್ಕ ಊರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ನಾನು ಅರಕಲಗೂಡಿನ ಒಂದು ಕಚೇರಿಯಲ್ಲಿ ಗುಮಾಸ್ತ, ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಅಪ್ಪ ಅಮ್ಮ ಬೇಗ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಮದುವೆಯ ಮಾತು ಬಂದಾಗಲೆಲ್ಲ ಅವಳಿಗೆ ಯಾವುದಾದರೂ ಪರೀಕ್ಷೆಯ ಪೇಪರುಗಳು ಅಡ್ಡ ಬರುತ್ತಿದ್ದವು. ಹೊಳೆದಂಡೆಯ ಊರಿನಲ್ಲಿ ಹುಟ್ಟಿದವಳೆಂದು ಅಪ್ಪ ಹೊಳೆಯ ಹೆಸರನ್ನೇ ಇಟ್ಟಿದ್ದರು, ಹೇಮಾವತಿ ಎಂದು. ಸ್ಕೂಲಿನ ಮಕ್ಕಳು ಇಟ್ಟಿದ್ದ ಹೆಸರು ಬೇರೆ. ಗಾಳಿ ಮೇಡಂ.

ನಮ್ಮ ಸೀಮೆಯಲ್ಲಿ ಪದದ ಮೊದಲಿಗೆ ಬರುವ ಹಕಾರ ಬಾಯಿಯಿಂದ ಹೊರಬೀಳುವುದರೊಳಗೆ ಕರಗಿಹೋಗುತ್ತದೆ. ಹಾಸನ ಆಸ್ನವಾಗುತ್ತದೆ, ಹಾಲು ಆಲಾಗುತ್ತದೆ, ಹೋಗು ಎಂಬುದು ಓಗು. ದೇವಸ್ಥಾನದ ಬೀದಿಯ ನಮ್ಮಂಥ ನಾಲ್ಕಾರು ಮನೆಗಳಲ್ಲಿ ಮಾತ್ರ ಅದು ಉಳಿದಿತ್ತು. ಬೇರೆ ಆಸ್ತಿ ಏನೂ ಇರಲಿಲ್ಲವಾದ್ದರಿಂದ ಅದನ್ನೇ ಜೋಪಾನ ಮಾಡಿಕೊಂಡಿದ್ದೆವು. ಅಕ್ಕನಂತೂ ಅದನ್ನು ಊರಿಗೆಲ್ಲ ಹಂಚುವ ಹಟ ತೊಟ್ಟಿದ್ದಳು. ಹೊಸದಾಗಿ ಸೇರಿದ ಪ್ರತಿ ಮಗುವೂ ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡು 'ಹ' ಅನ್ನಬೇಕು.

"ಕೈಗೆ ಗಾಳಿ ತಾಗ್ತೇನೋ?"

"ತಾಗ್ತು ಮೇಡಂ."

"ಎಲ್ಲಿ ತಾಗ್ತು? ನೀನು ಅಂದಿದ್ದು ಅ. ಇನ್ನೊಂದ್ಸಲ ಹೇಳು. ಊರಿನ ಹೆಸರು ಹೇಳೋಕೆ ಬರದೇ ಇರೋನು ಊರಲ್ಲಿ ಹೇಗೆ ಇರ್ತೀಯ?"

ತಮಾಷೆಗೆ ಹೇಳುತ್ತಿದ್ದಳು. ಮಕ್ಕಳೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆ ಬೇಸಿಗೆಯಲ್ಲಿ ಹಾಸನದಲ್ಲಿ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿದ್ದವಳು, ಕೆಂಪು ಪೆನ್ನು ಹಿಡಿದಂತೆಯೇ ಪಕ್ಕದವರ ಮೇಲೆ ವಾಲಿಕೊಂಡಳು. ಲಕ್ವ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಕಾಲು ಬೇಗ ಬಂತು, ಎಳೆದುಕೊಂಡಾದರೂ ನಡೆಯುತ್ತಿದ್ದಳು. ಎಡಗೈಯಲ್ಲಿ ಬರೆಸಲು ನೋಡಿದೆವು. ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತವು, ಯಾರಿಗೂ ಓದಲಾಗಲಿಲ್ಲ. ಡಾಕ್ಟರು ನನ್ನನ್ನು ಆಚೆ ಕರೆದು ಹೇಳಿದರು: "ತಿಳಿವಳಿಕೆ ಎಲ್ಲ ಹಾಗೇ ಇದೆ. ಎಲ್ಲ ಅರ್ಥ ಆಗುತ್ತೆ ಅವರಿಗೆ. ಮಾತಿನ ದಾರಿ ಕಟ್ಟಿಕೊಂಡಿದೆ ಅಷ್ಟೆ. ದಿನಾ ಮಾತಾಡಿಸಿ. ಬರೋದಾದರೆ ಮೊದಲ ಕೆಲವು ತಿಂಗಳಲ್ಲಿ ಬರುತ್ತೆ, ಆಮೇಲೆ ಕಷ್ಟ."

ಅಕ್ಕನಿಗೆ ರಜೆ ಮಳೆಗಾಲದ ಕೊನೆಯವರೆಗೆ ಸಿಕ್ಕಿತು. ಅದು ಮುಗಿದ ಮೇಲೆ ಹಾಸನದಲ್ಲಿ ಡಾಕ್ಟರುಗಳ ಮಂಡಳಿಯ ಮುಂದೆ ಕೂರಬೇಕು. ಮಾತಾಡಿದರೆ ಮತ್ತೆ ಕ್ಲಾಸು, ಇಲ್ಲವಾದರೆ ಮನೆ. ಅಕ್ಕನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಜೂನಿನಲ್ಲಿ ಸ್ಕೂಲಿನ ಮೊದಲ ಗಂಟೆ ಕೇಳಿದ ದಿನ ಅವಳು ಎದ್ದು, ಸೀರೆ ಉಡಲಾಗದೆ, ಉಡಿಸು ಎಂದು ಕೇಳಲೂ ಆಗದೆ, ಸೆರಗನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮಾತಾಡಿಸಿ ಎಂದರೆ ಏನು ಮಾತಾಡಿಸುವುದು? ಊಟ ಆಯ್ತಾ ಎಂದರೆ ತಲೆ ಆಡಿಸುತ್ತಾಳೆ, ಮುಗಿಯಿತು. ನಾನು ಮೊದಲೇ ಚಿಂತೆಯ ಮನುಷ್ಯ. ಬಸ್ಸು ಹಳ್ಳಿಮೈಸೂರು ದಾಟುವುದರೊಳಗೆ ಒಂದು ದಿನಕ್ಕೆ ಬೇಕಾದ ಚಿಂತೆಯನ್ನೆಲ್ಲ ಮುಗಿಸಿ, ಅರಕಲಗೂಡು ಬರುವ ಹೊತ್ತಿಗೆ ನಾಳೆಯದ್ದಕ್ಕೆ ಕೈ ಹಾಕಿರುತ್ತಿದ್ದೆ. ಅಂಥ ಒಂದು ಪ್ರಯಾಣದಲ್ಲಿ ಈ ಆಟದ ಯೋಚನೆ ಬಂತು. ಅಕ್ಕನಿಗೆ ಪ್ರಾಣ ಎಂದರೆ ಪ್ರಶ್ನೋತ್ತರ. ಪ್ರಶ್ನೆಗಳನ್ನು ಇಸ್ಪೀಟಿನ ಹಾಗೆ ಎಲೆಗಳ ಮೇಲೆ ಬರೆದು ಆಡಿಸಿದರೆ?

ಮನೆಯಲ್ಲಿ ಬಿದ್ದಿದ್ದ ಮದುವೆ ಕಾಗದಗಳ ಬೆನ್ನಿಗೇ ಮೊದಲ ಕಟ್ಟು ಬರೆದೆ. ಆಟಕ್ಕೆ ಮೂರನೆಯವಳಾಗಿ ಸಿಕ್ಕಿದವಳು ಸಾಕಮ್ಮ. ಹಳೇಕೋಟೆ ಕಡೆಯ ಒಕ್ಕಲು ಮನೆಯವಳು. ಮಕ್ಕಳ ಓದಿಗೆಂದು ಊರೊಳಗೆ ಬಂದು ನಮ್ಮ ಹಿಂದಿನ ಬೀದಿಯಲ್ಲಿ ಎರಡು ಹಸು ಕಟ್ಟಿಕೊಂಡಿದ್ದಳು. ನಾನು ಅರಕಲಗೂಡಿನಲ್ಲಿರುವಷ್ಟು ಹೊತ್ತೂ ಅಕ್ಕನ ಜೊತೆಗೆ ಇರುತ್ತಿದ್ದವಳು ಅವಳೇ. ಸಂಜೆ ಹಾಲು ಕೊಟ್ಟು ಚಾಪೆಯ ಮೇಲೆ ಕೂತಳೆಂದರೆ ಆಟ ಶುರು.

ಮೊದಲ ಸಂಜೆಯೇ ಕೆಟ್ಟಿತು. ನಾನು ಎಲೆ ಎತ್ತಿ, "ಕಾವೇರಿ ಹುಟ್ಟೋದು ಎಲ್ಲಿ ಅಕ್ಕ?" ಎಂದು ಕೇಳಿದೆ. ಅವಳ ತುಟಿ ಒಂದು ಕಡೆಗೆ ಎಳೆಯಿತು. "ತ... ತ..." ಎಂದಳು. ಕುತ್ತಿಗೆಯ ನರ ಉಬ್ಬಿತು. ಕಾದೆ. ಇನ್ನೂ ಕಾದೆ. ಕಣ್ಣಲ್ಲಿ ನೀರು ಬಂತೇ ಹೊರತು ತಲಕಾವೇರಿ ಬರಲಿಲ್ಲ.

"ಬುಡಿ ಸೀನಪ್ಪ," ಎಂದಳು ಸಾಕಮ್ಮ. "ಐಕಳಿಗೆ ಮಗ್ಗಿ ಕೇಳ್ದಂಗೆ ಕೇಳ್ತೀರಲ್ಲ. ಅವ್ರೇ ಮೇಡಮ್ಮು, ಅವ್ರಿಗೆ ಪರೀಕ್ಸೆ ಕೊಡಾಕೆ ನೀವ್ಯಾರು?"

ಸರಿ, ಹೇಳುವುದು ಬೇಡ, ತೋರಿಸಿದರೆ ಸಾಕು ಎಂದು ನಿಯಮ ಬದಲಿಸಿದೆ. ಉತ್ತರದ ಎಲೆಗಳನ್ನು ಚಾಪೆಯ ಮೇಲೆ ಹರಡುವುದು, ಪ್ರಶ್ನೆ ಓದಿದೊಡನೆ ಸರಿಯಾದ ಎಲೆಯ ಮೇಲೆ ಬೆರಳಿಡುವುದು. ಅಕ್ಕ ಎಡಗೈಯಲ್ಲೇ ಟಪಟಪನೆ ಎಲ್ಲ ಎಲೆಗಳನ್ನೂ ಬಾಚಿಕೊಂಡಳು. ಒಂದು ವಾರ ಸತತವಾಗಿ ಗೆದ್ದಳು, ಒಂದು ಅಕ್ಷರವನ್ನೂ ಆಡದೆ. ನಾನು ಮಾಡಿದ್ದು ಮೂಕರಿಗೆ ಒಪ್ಪುವ ಆಟ. ಡಾಕ್ಟರು ಹೇಳಿದ್ದಕ್ಕೆ ಸರಿಯಾಗಿ ತಿರುಗುಮುರುಗು.

ಆಮೇಲೆ ಗೊತ್ತಾಯಿತು, ಸಾಕಮ್ಮನೂ ನಡುನಡುವೆ ಗೆಲ್ಲತೊಡಗಿದ್ದಾಳೆ. ನಾಲ್ಕನೇ ಕ್ಲಾಸು ಓದಿದವಳು, ಅಕ್ಷರ ಕೂಡಿಸಿ ಓದುವುದರೊಳಗೆ ರಾತ್ರಿಯಾಗುತ್ತಿತ್ತು. ಹೇಗೆ ಗೆಲ್ಲುತ್ತಾಳೆ? ಮದುವೆ ಕಾಗದದ ಮೂಲೆಗೆ ಅರಿಸಿನ ಹಚ್ಚಿರುತ್ತಾರಲ್ಲ, ಆ ಕಲೆಗಳನ್ನು ಗುರುತಿಟ್ಟುಕೊಂಡಿದ್ದಳು. ದೊಡ್ಡ ಕಲೆ ಬೇಲೂರು, ಸಣ್ಣ ಕಲೆ ಕೊಣನೂರು, ಎಣ್ಣೆ ಬಿದ್ದದ್ದು ಟಿಪ್ಪು.

"ಇದು ಮೋಸ ಸಾಕಮ್ಮ," ಎಂದೆ.

"ಮೋಸ ಯಾಕಾದಾತು? ನೀವು ಬುಕ್ಕು ನೋಡಿ ಕಲೀತೀರಿ, ನಾನು ಅರಿಸ್ನ ನೋಡಿ ಕಲ್ತೆ. ನಿಮ್ಗೆ ತಾಕತ್ತಿದ್ರೆ ಕಲೆ ಇಲ್ದಿರೋ ಎಲೆ ತರ್ಕೊಳಿ."

ಅಕ್ಕನ ಗಂಟಲಿನಿಂದ ಗೊರಗೊರ ಎಂದು ಏನೋ ಬಂತು. ನಗು. ಲಕ್ವ ಹೊಡೆದ ಮೇಲೆ ಅವಳಿಂದ ಕೇಳಿದ ಮೊದಲ ನಗು ಅದು.

ಮರುದಿನವೇ ಊರಿನ ಪ್ರೆಸ್ಸಿಗೆ ಹೋಗಿ, ಲಗ್ನಪತ್ರಿಕೆ ಕತ್ತರಿಸಿ ಉಳಿದ ಕಾರ್ಡಿನ ತುಂಡುಗಳನ್ನು ಒಂದೇ ಅಳತೆಗೆ ಕತ್ತರಿಸಿಕೊಡಲು ಕೇಳಿದೆ. ಮನೆಗೆ ತಂದಾಗ ಚೀಲದ ತುಂಬ ಆ ವಾಸನೆ. ಹೊಸ ಎಲೆಗಳ ಜೊತೆಗೆ ಹೊಸ ಯೋಚನೆಯೂ ಬಂದಿತ್ತು. ಸಾಕಮ್ಮ ಮೋಸ ಮಾಡುವಾಗ ಅಕ್ಕನ ಹುಬ್ಬು ಏಳುತ್ತಿತ್ತು. ಅವಳು ಧೈರ್ಯವಾಗಿ ತಪ್ಪು ಉತ್ತರ ಹೇಳಿದಾಗಲಂತೂ ಅಕ್ಕನ ಮೈಯೇ ಮುಂದಕ್ಕೆ ಬಾಗುತ್ತಿತ್ತು. ತಪ್ಪು ಉತ್ತರವನ್ನು ಸುಮ್ಮನೆ ಬಿಡುವುದು ಅಕ್ಕನ ಜಾಯಮಾನದಲ್ಲೇ ಇರಲಿಲ್ಲ. ಮಾತು ಹೊರಡಬೇಕಾದರೆ ಅವಳಿಗೆ ಬೇಕಾದದ್ದು ಪ್ರಶ್ನೆಯಲ್ಲ, ತಪ್ಪು.

ಹೊಸ ನಿಯಮ ಹೀಗಾಯಿತು. ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ನಾನು ಓದುತ್ತೇನೆ. ಬೆನ್ನಿಗೆ ಬರೆದ ಉತ್ತರವನ್ನು ಸಾಕಮ್ಮನ ಕಿವಿಯಲ್ಲಿ ಹೇಳುತ್ತೇನೆ. ಅವಳು ನಿಜವನ್ನಾದರೂ ಹೇಳಬಹುದು, ಸುಳ್ಳನ್ನಾದರೂ ಹೇಳಬಹುದು. ಅಕ್ಕ ಅದನ್ನು ಹಿಡಿಯಬೇಕು. ಸುಳ್ಳು ಎಂದು ಬಾಯಿಬಿಟ್ಟು ಹೇಳಿದರೆ ಎಲೆ ನಡುವೆ ಬೀಳುತ್ತದೆ. ಸರಿಯುತ್ತರವನ್ನು ಅರ್ಧ ಹೇಳಿದರೂ ಅದು ಅಲ್ಲೇ ಅವಳಿಗೆ ಕಾದಿರುತ್ತದೆ. ಪೂರ್ತಿ ಹೇಳಿದಾಗ ಅವಳದು. ತಲೆ ಅಲ್ಲಾಡಿಸಿದರೆ ಲೆಕ್ಕಕ್ಕಿಲ್ಲ.

"ಗೊಮ್ಮಟನ ಮೈಗೆ ಹಬ್ಬಿರೋ ಬಳ್ಳಿ ಯಾವುದು?" ಎಂದು ಓದಿದೆ.

ಸಾಕಮ್ಮ ಕಿವಿಯಲ್ಲಿ ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು, ಗಂಭೀರವಾಗಿ ಹೇಳಿದಳು. "ಅವರೆ ಬಳ್ಳಿ."

ಅಕ್ಕನ ಕಣ್ಣು ಅಗಲವಾಯಿತು.

"ಊಂ ಮೇಡಮ್ಮ, ಅವರೆ ಬಳ್ಳಿನೇಯ. ಅಷ್ಟ್ ದಿನ ನಿಂತವ್ನೆ, ಒಟ್ಟೆಗೇನಾರಾ ಬ್ಯಾಡ್ವಾ? ಸೊನೆ ಅವರೆ ಬೇರೆ."

"ಸು..." ಎಂದಳು ಅಕ್ಕ. ಎಡಗೈಯಿಂದ ಚಾಪೆಯನ್ನು ಬಡಿದಳು. "ಸು... ಸುಳ್ಳು!"

ಮೂರು ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು. ಮಾಧವಿ ಎಂಬ ಉತ್ತರ ಬರಲು ಇನ್ನೂ ಮೂರು ಸಂಜೆ ಹಿಡಿಯಿತು. ಆ ಎಲೆ ಅಷ್ಟು ದಿನವೂ ಚಾಪೆಯ ನಡುವೆ ಅವಳಿಗಾಗಿ ಬಿದ್ದಿತ್ತು. ಅದರ ಮೇಲೆ ಕಾಲಿಟ್ಟೀರಿ ಎಂದು ಸಾಕಮ್ಮ ನನ್ನನ್ನು ಗದರಿಸುತ್ತಿದ್ದಳು.

ಆಮೇಲೆ ನನ್ನ ಚಿಂತೆಗೆಲ್ಲ ಒಂದು ಉದ್ಯೋಗ ಸಿಕ್ಕಿತು. ಅಕ್ಕ ಬರೀ ಗೆದ್ದರೆ ಸಾಕಮ್ಮ ಆಕಳಿಸುತ್ತಾಳೆ, ಬರೀ ಸೋತರೆ ಅಕ್ಕ ಎಲೆ ತಳ್ಳಿಬಿಡುತ್ತಾಳೆ. ಆದ್ದರಿಂದ ಅಕ್ಕನ ಮುಂದೆ ಎಲೆ ಕೂಡಿದಷ್ಟೂ ಕಷ್ಟದ ಪ್ರಶ್ನೆ, ಕಡಿಮೆಯಾದಷ್ಟೂ ಸುಲಭದ್ದು. ನಿಜವನ್ನೇ ಸುಳ್ಳು ಎಂದು ಹಿಡಿದರೆ ಅವಳದೇ ಒಂದು ಎಲೆ ಸಾಕಮ್ಮನಿಗೆ. ಇಲ್ಲವಾದರೆ ಅಕ್ಕ ಎಲ್ಲಕ್ಕೂ ಸುಳ್ಳು ಎಂದುಬಿಡುತ್ತಿದ್ದಳು. ಕಚೇರಿಯಲ್ಲಿ ಕಾಗದಗಳ ನಡುವೆ ಕೂತು ಈ ನಿಯಮಗಳನ್ನು ಕಟ್ಟುತ್ತಿದ್ದೆ, ಬಸ್ಸಿನಲ್ಲಿ ಮುರಿಯುತ್ತಿದ್ದೆ. ಸರ್ಕಾರ ನನಗೆ ಸಂಬಳ ಕೊಟ್ಟದ್ದು ಆ ವರ್ಷ ಯಾವುದಕ್ಕೆಂದು ಈಗಲೂ ಖಚಿತವಿಲ್ಲ.

ಮಳೆ ಜೋರಾಯಿತು. ಗೊರೂರಿನಲ್ಲಿ ಗೇಟು ತೆಗೆದರೆಂದು ಸುದ್ದಿ ಬಂದ ದಿನ ನಮ್ಮ ಹೊಳೆ ಬಟ್ಟೆ ಒಗೆಯುವ ಮೆಟ್ಟಿಲುಗಳನ್ನೆಲ್ಲ ನುಂಗಿ, ಕೆಂಪಗೆ ಉಬ್ಬಿಕೊಂಡು, ಸದ್ದೇ ಮಾಡದೆ ಹೋಗುತ್ತಿತ್ತು. ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು. ಅದೇ ದಿನಗಳಲ್ಲಿ ಅಕ್ಕನ ಬಾಯಲ್ಲಿ ಪದಗಳು ಒಂದೊಂದೇ ಬರತೊಡಗಿದ್ದವು. ಕಾವೇರಿ, ಬೇಲೂರು, ರಾಗಿ, ಮೈಸೂರು. ಮುರಿದು ಮುರಿದು ಬರುತ್ತಿದ್ದವು, ಆದರೆ ಬರುತ್ತಿದ್ದವು.

ಅಂಥ ಒಂದು ಸಂಜೆ ನಾನು ಓದಿದೆ. "ಹೊಯ್ಸಳರು ಬೇಲೂರು ಬಿಟ್ಟರೆ ಇನ್ನೆಲ್ಲಿ ರಾಜಧಾನಿ ಮಾಡಿಕೊಂಡಿದ್ದರು?"

"ಅರಕಲಗೂಡು," ಎಂದಳು ಸಾಕಮ್ಮ, ಕಣ್ಣು ಕೂಡ ಮಿಟುಕಿಸದೆ. "ಸೀನಪ್ಪನ ಆಪೀಸ್ ಪಕ್ಕದಾಗೇ ಅರಮನೆ."

ಅಕ್ಕ ಯೋಚಿಸಲಿಲ್ಲ, ತಡವರಿಸಲೂ ಇಲ್ಲ. ಒಂದೇ ಉಸಿರಿಗೆ ಹೇಳಿಬಿಟ್ಟಳು. "ಸುಳ್ಳು! ಅಳೇಬೀಡು!"

ಸಾಕಮ್ಮ ಕೈ ಚಪ್ಪಾಳೆ ತಟ್ಟಿಕೊಂಡು ಎದ್ದೇಬಿಟ್ಟಳು. "ಅಯ್ಯೋ ನಮ್ಮವ್ವ! ನೋಡಿದ್ರಾ ಸೀನಪ್ಪ! ಮೇಡಮ್ನೋರು ನಮ್ಮಂಗೇ ಮಾತಾಡ್ತವ್ರೆ ಕಣಪ್ಪೋ! ಥೇಟು ನಮ್ಮಂಗೇಯ!"

ಅಷ್ಟು ಸಂತೋಷವನ್ನು ನಾನು ಅವಳ ಮುಖದಲ್ಲಿ ಹಿಂದೆ ಕಂಡಿರಲಿಲ್ಲ. ತನ್ನ ಮನೆಗೆ ಯಾರೋ ದೊಡ್ಡವರು ತಾವಾಗಿ ಊಟಕ್ಕೆ ಬಂದ ಹಾಗೆ.

ಅಕ್ಕನ ಮುಖದ ಬಣ್ಣ ಇಳಿಯಿತು. ಅವಳು ಎಡ ಅಂಗೈಯನ್ನು ಎತ್ತಿ ಬಾಯಿಯ ಮುಂದೆ ಹಿಡಿದುಕೊಂಡಳು. ಬಾಯಿ ತೆರೆದಳು. "ಅ," ಎಂದಳು. ಕೈಯನ್ನು ಇನ್ನೂ ಹತ್ತಿರ ತಂದಳು. "ಅ." ಹೊಟ್ಟೆಯನ್ನು ಒಳಗೆಳೆದುಕೊಂಡು, ಕಣ್ಣು ಮುಚ್ಚಿಕೊಂಡು, ಮತ್ತೆ. "ಅ." ನಾನು ಬೇಡ ಬಿಡಕ್ಕ ಎಂದೆ. ಸಾಕಮ್ಮ ಏನಾಯಿತೆಂದು ತಿಳಿಯದೆ ನನ್ನ ಮುಖ, ಅವಳ ಮುಖ ನೋಡುತ್ತಿದ್ದಳು. ಅಕ್ಕ ಕೈ ಇಳಿಸಿ, ಎಲೆಗಳನ್ನು ಮಗುಚಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು.

"ನಾನೇನಂದೆ ಸೀನಪ್ಪ? ಒಳ್ಳೇದೇ ಅಲ್ವಾ ಅಂದಿದ್ದು?" ಎಂದು ಬಾಗಿಲಲ್ಲಿ ಕೇಳಿದಳು ಸಾಕಮ್ಮ. ಒಳ್ಳೆಯದೇ ಅಂದದ್ದು ಎಂದೆ. ಬೇರೆ ಏನು ಹೇಳುವುದು? ನಿನ್ನ ಹಾಗೆ ಮಾತಾಡುವುದೆಂದರೆ ನಮ್ಮ ಮನೆಯಲ್ಲಿ ಬಿದ್ದುಹೋಗುವುದು ಎಂದೇ?

ಕೆಲವು ದಿನ ಆಟವಿಲ್ಲ. ಒಂದು ಸಂಜೆ ಅರಕಲಗೂಡಿನಿಂದ ಬಂದಾಗ ಅಕ್ಕ ಚಾಪೆಯ ಮೇಲೆ ಕಟ್ಟನ್ನು ಬಿಚ್ಚಿ ಹರಡಿಕೊಂಡು ಕೂತಿದ್ದಳು. ಒಂದೊಂದೇ ಎಲೆಯನ್ನು ತಿರುಗಿಸಿ ಉತ್ತರ ನೋಡಿ, ಎಡಕ್ಕೋ ಬಲಕ್ಕೋ ಇಡುತ್ತಿದ್ದಳು. ಎಡಗಡೆಯ ರಾಶಿಯನ್ನು ಎತ್ತಿ ನೋಡಿದೆ. ಹಾಸನ. ಹಳೇಬೀಡು. ಹೊಳೆನರಸೀಪುರ. ಹೊಯ್ಸಳ. ಹರಿಹರ. ಹೇಮಾವತಿ. ಅವಳು ನನ್ನ ಕೈಯಿಂದ ಕಿತ್ತುಕೊಂಡು ಬಚ್ಚಲಿಗೆ ಕಾಲೆಳೆಯುತ್ತ ಹೋಗಿ, ನೀರೊಲೆಗೆ ಹಾಕಿದಳು. ಬಂದು ಕೂತು, ಉಳಿದದ್ದನ್ನು ನನ್ನ ಮುಂದೆ ತಳ್ಳಿ, "ಆಡು," ಎಂದಳು.

ಹಾಸನ ಜಿಲ್ಲೆಯವರಿಗಾಗಿ ಮಾಡಿದ ಆಟದಲ್ಲಿ ನಮ್ಮ ಜಿಲ್ಲೆಯಿಲ್ಲ, ನಮ್ಮ ಊರಿಲ್ಲ, ನಮ್ಮ ಹೊಳೆಯಿಲ್ಲ. ಅವಳದೇ ಹೆಸರು ಬೂದಿಯಾಗಿತ್ತು. ಆದರೂ ಅವಳು ಆಡು ಎಂದಿದ್ದಳು, ಬಾಯಿಬಿಟ್ಟು. ನಾನು ಆಡಿದೆ.

ಕಟ್ಟು ತೆಳ್ಳಗಾದದ್ದರಿಂದ ಎಲೆಗಳನ್ನು ಉಲ್ಟಾ ಬಳಸುವ ಉಪಾಯ ಹೂಡಿದೆ. ಈಗ ಅಕ್ಕ ಉತ್ತರವನ್ನು ನೋಡಬೇಕು, ಆ ಪದವನ್ನು ಮಾತ್ರ ಹೇಳದೆ ಅದರ ಗುರುತು ಹೇಳಬೇಕು, ಸಾಕಮ್ಮ ಊಹಿಸಬೇಕು. ಸಾಕಮ್ಮ ಊಹಿಸಿದಷ್ಟೂ ಇಬ್ಬರಿಗೂ ಎಲೆ. ಇದು ನಾನು ಕಟ್ಟಿದ ನಿಯಮಗಳಲ್ಲೆಲ್ಲ ಚೆಂದದ್ದು. ಅಕ್ಕ ಪದದಿಂದ ವಾಕ್ಯಕ್ಕೆ ಬಂದದ್ದು ಇದರಲ್ಲೇ.

"ರಾಮನಾಥಪುರದಲ್ಲಿ ಕೂಗಿ ಮಾರುವ ಎಲೆ," ಎಂದಳು ಒಂದು ಸಂಜೆ, ನಿಧಾನವಾಗಿ, ಒಂದೂ ತಪ್ಪಿಲ್ಲದೆ.

"ವೀಳ್ಯದೆಲೆ!"

"ಅಲ್ಲ. ಒಣಗಿದ್ದು."

"ತರಗೆಲೆ!"

"ತರಗೆಲೆ ಯಾರು ಕೊಳ್ಳುತ್ತಾರೆ, ಸಾಕಮ್ಮ?"

"ಓ, ವೊಗೆಸೊಪ್ಪು! ಅದ್ನ ಎಲೆ ಅಂದ್ರೆ ಯಾರಿಗ್ ಗೊತ್ತಾದಾತು? ಸೊಪ್ಪು ಅನ್ಬೇಕು ತಾನೆ?"

ಎಲೆಯ ಮೇಲೆ ನಾನು ಬರೆದದ್ದು ತಂಬಾಕು ಎಂದು. ನಗುತ್ತಲೇ ಒಂದು ವಿಷಯ ಗಮನಿಸಿದೆ. ಹರಾಜು ಎನ್ನುವ ಪದ ಬಾಯಿಯ ತುದಿಗೆ ಬಂದಾಗ ಅವಳು ಅದನ್ನು ಬಳಸಿ ದಾಟಿ, 'ಕೂಗಿ ಮಾರುವ' ಎಂದಿದ್ದಳು. ಆಮೇಲೆ ಕಿವಿಗೊಟ್ಟು ಕೇಳಿದರೆ ಎಲ್ಲ ಮಾತೂ ಹಾಗೆಯೇ. ಕನ್ನಡ ಮೇಡಂ ಅಲ್ಲವೇ, ಪದಗಳಿಗೇನು ಬರ. ಹೂವು ಪುಷ್ಪವಾಯಿತು, ಹಣ್ಣು ಫಲವಾಯಿತು. ಹೌದು ಎಂಬುದು ಸರಿ. ಹತ್ತು ರೂಪಾಯಿಗೆ ಐದೈದು. ಮಾತು ಬರಬಹುದೋ ಇಲ್ಲವೋ ಎಂದು ಕಂಗೆಟ್ಟಿದ್ದ ನಮ್ಮ ಮನೆಯಲ್ಲಿ ಈಗ ಯಕ್ಷಗಾನದ ಅರ್ಥಗಾರಿಕೆ ನಡೆಯುತ್ತಿತ್ತು.

"ಸಾಕಮ್ಮ, ನಾಳೆ ಕ್ಷೀರ ಸ್ವಲ್ಪ ಸಾಕು."

"ಕೀರೆ ಸೊಪ್ಪಾ? ನಮ್ ತ್ವಾಟದಲ್ಲಿ ಆಕಿಲ್ಲ ಮೇಡಮ್ಮ. ಸಂತೇಲಿ ತತ್ತೀನಿ ಬುಡಿ." ಮರುದಿನ ಹಾಲಿನ ಜೊತೆಗೆ ಎರಡು ಕಟ್ಟು ಕೀರೆ ಸೊಪ್ಪೂ ಬಂತು. ಎರಡು ದಿನ ಅದನ್ನೇ ಉಂಡೆವು.

ಕೇಳುವವರಿಗೆ ಮಾತು ಪೂರ್ತಿ ಬಂದಂತಿತ್ತು. ಅದನ್ನು ಕೆದಕಿ, ಹಕಾರದ ಎಲೆಗಳನ್ನು ಮತ್ತೆ ಬರೆದು ಅವಳ ಮುಂದಿಡುವ ಧೈರ್ಯ ನನಗೆ ಇರಲಿಲ್ಲ. ಮಳೆಗೆ ಛತ್ರಿ ಸಾಲದೇ ಹೋದೀತು, ಬಸ್ಸು ಕೆಟ್ಟು ನಿಂತೀತು, ಅಕ್ಕ ಮೆಟ್ಟಿಲಲ್ಲಿ ಜಾರಿಯಾಳು ಎಂದೆಲ್ಲ ಚಿಂತಿಸುವವನು, ಮಂಡಳಿಯ ಮುಂದೆ ಏನೇನು ಕೇಳಬಹುದೆಂದು ರಾಶಿ ಪ್ರಶ್ನೆ ಬರೆದು ತಯಾರು ಮಾಡಿದೆ. ಪ್ರಧಾನಮಂತ್ರಿ ಯಾರು, ವಾರಕ್ಕೆ ಎಷ್ಟು ದಿನ, ನೂರರಲ್ಲಿ ಏಳು ಕಳೆದರೆ ಎಷ್ಟು. ಎಲ್ಲಕ್ಕೂ ಅವಳು ಠಣ್ಣನೆ ಉತ್ತರಿಸಿದಳು. ಹೊರಡುವ ಮುನ್ನ ನನಗೇ ಬುದ್ಧಿ ಹೇಳಿದಳು. "ಸೀನ, ಕೊಡೆ ತಗೋ. ಸುಮ್ಮನೆ ಒದ್ದಾಡಬೇಡ. ನಾನು ನೋಡಿಕೊಳ್ಳುತ್ತೇನೆ."

ಸಾಕಮ್ಮ ಸೀರೆ ಉಡಿಸಿದ್ದಳು, ಸ್ಕೂಲಿಗೆ ಉಡುತ್ತಿದ್ದ ಅಂಚಿನ ಸೀರೆ. ಅಕ್ಕ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದಳು.

ಹಾಸನದಲ್ಲಿ ಒಂದು ಉದ್ದನೆಯ ಮೇಜು, ಆಚೆಗೆ ಮೂವರು ಡಾಕ್ಟರುಗಳು. ನಡುವಿನವರು ವಯಸ್ಸಾದವರು, ಒಳ್ಳೆಯ ಮುಖ. ಕಾಗದಗಳನ್ನು ನೋಡುತ್ತಲೇ, ಎಲ್ಲರನ್ನೂ ಕೇಳುವ ಹಾಗೆ ಕೇಳಿದರು.

"ನಿಮ್ಮ ಹೆಸರು ಹೇಳಿ ಅಮ್ಮಾ."

ನಾನು ಬರೆದ ರಾಶಿಯಲ್ಲಿ ಆ ಒಂದು ಪ್ರಶ್ನೆ ಇರಲಿಲ್ಲ. ಹಾಲಿಗೆ ಕ್ಷೀರ ಉಂಟು, ಹೂವಿಗೆ ಪುಷ್ಪ ಉಂಟು, ಮನುಷ್ಯರ ಹೆಸರಿಗೆ ಏನುಂಟು?

ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು, ಸ್ಪಷ್ಟವಾಗಿ ಹೇಳಿದಳು. "ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದ್ದಾರಲ್ಲ, ಆ ನದಿ."

ಡಾಕ್ಟರು ತಲೆ ಎತ್ತಿದರು. "ಏನಂದ್ರಿ?"

"ನದಿ. ಸಕಲೇಶಪುರದ ಕಡೆಯಿಂದ ಬರುತ್ತೆ. ಕಾವೇರಿಗೆ ಸೇರುತ್ತೆ."

"ನಾನು ಕೇಳಿದ್ದು ನಿಮ್ಮ ಹೆಸರು."

"ಅದೇ."

ಅವರು ಪಕ್ಕದವರ ಕಡೆ ನೋಡಿದರು. ಪಕ್ಕದವರು ಏನೋ ಬರೆದುಕೊಂಡರು. "ಸರಿ, ಯಾವೂರು ನಿಮ್ಮದು?"

"ಅದೇ ನದಿಯ ದಡ. ನರಸೀಪುರ."

"ಟಿ. ನರಸೀಪುರವೇ?"

"ಅಲ್ಲ. ಇನ್ನೊಂದು."

"ಈಗ ನೀವು ಕೂತಿರೋದು ಯಾವ ಊರಲ್ಲಿ?"

"ಜಿಲ್ಲಾ ಕೇಂದ್ರ."

"ಯಾವ ಜಿಲ್ಲೆ?"

ಅಕ್ಕನ ಹಣೆಯಲ್ಲಿ ಬೆವರು ಸಾಲಾಗಿ ನಿಂತಿತ್ತು. "ನಮ್ಮದು," ಎಂದಳು.

ನಾನು ತಡೆಯಲಾರದೆ ಎದ್ದು ನಿಂತೆ. "ಸಾರ್, ಅವೆಲ್ಲ ಸರಿಯುತ್ತರ ಸಾರ್. ಅವಳ ಹೆಸರು ಹೇಮಾವತಿ. ಅವಳಿಗೆ ಹಕಾರ ಬರೋದಿಲ್ಲ, ಅದಕ್ಕೆ ಗುರುತು ಹೇಳ್ತಿದ್ದಾಳೆ. ಆಟದಲ್ಲಿ ಹಾಗೇ ಆಡಿಸಿದ್ದೀವಿ. ಬೇರೆ ಏನಾದರೂ ಕೇಳಿ ಸಾರ್, ಕಾವೇರಿ ಎಲ್ಲಿ ಹುಟ್ಟುತ್ತೆ ಕೇಳಿ."

ನನ್ನ ಮಾತು ನನ್ನ ಕಿವಿಗೇ ಅಕ್ಕನ ಉತ್ತರಗಳಿಗಿಂತ ಹುಚ್ಚಾಗಿ ಕೇಳಿಸಿತು. ಡಾಕ್ಟರು ಕೋಪ ಮಾಡಿಕೊಳ್ಳಲಿಲ್ಲ. "ಕೂತ್ಕೊಳ್ಳಿ," ಎಂದರು. ಅಕ್ಕನ ಕಡೆ ತಿರುಗಿ, "ಹಕಾರ ಬರದಿದ್ದರೆ ಚಿಂತೆಯಿಲ್ಲಮ್ಮ. ಹೇಗೆ ಬರುತ್ತೋ ಹಾಗೇ ಹೆಸರು ಹೇಳಿ. ನಮಗೆ ಅಷ್ಟು ಸಾಕು," ಎಂದರು. ಎಷ್ಟು ಮೃದುವಾಗಿ ಹೇಳಿದರೆಂದರೆ, ಅದಕ್ಕಿಂತ ಚೆನ್ನಾಗಿ ಯಾರೂ ಕೇಳಲಾರರು.

ಅಕ್ಕ ಆ ಮೂವರನ್ನೂ ನೋಡಿದಳು. ಬಾಯಿ ತೆರೆಯಿತು. ಅವಳ ಎಡಗೈ ತೊಡೆಯ ಮೇಲಿಂದ ಸ್ವಲ್ಪ ಎದ್ದು, ಮತ್ತೆ ಕೆಳಗಿಳಿಯಿತು. ತುಟಿ ಮುಚ್ಚಿಕೊಂಡಳು. ಕಾದು ನೋಡಿ ಡಾಕ್ಟರು ಪೆನ್ನು ತೆಗೆದರು.

ಮಂಡಳಿ ಕೊಟ್ಟ ಕಾಗದದಲ್ಲಿ ಹೆಸರು, ಊರು, ಸ್ಥಳದ ಅರಿವಿಲ್ಲ, ಪಾಠ ಮಾಡಲು ಅಸಮರ್ಥರು ಎಂದು ಬರೆದಿತ್ತು. ಮತ್ತೊಮ್ಮೆ ಅರ್ಜಿ ಹಾಕೋಣ ಎಂದು ನಾನು ಆಮೇಲೆ ತಿಂಗಳುಗಟ್ಟಲೆ ಗೋಗರೆದೆ, ಅವಳು ಒಪ್ಪಲಿಲ್ಲ. ಮತ್ತೆ ಕ್ಲಾಸಿಗೆ ಕಾಲಿಡಲಿಲ್ಲ. ಆಟವನ್ನೂ ಆಡಲಿಲ್ಲ. ನನ್ನ ಮದುವೆ ನೋಡಿದಳು, ನನ್ನ ಮಗಳಿಗೆ ಅಕ್ಷರ ತಿದ್ದಿಸಿದಳು, ಎರಡನೆಯ ಸಲ ಲಕ್ವ ಹೊಡೆದಾಗ ಹೋದಳು. ಅಷ್ಟು ವರ್ಷವೂ ನಮ್ಮ ಮನೆಯಲ್ಲಿ ಹಾಲು ಕ್ಷೀರವಾಗಿಯೇ ಇತ್ತು.

ಆದರೆ ಆ ದಿನ ಇನ್ನೂ ಮುಗಿದಿರಲಿಲ್ಲ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರಿನ ಬಸ್ಸು ನಿಂತಿತ್ತು. ಒಂದೇ ಸೀಟು ಖಾಲಿ. ಅಕ್ಕನನ್ನು ಅಲ್ಲಿ ಕೂರಿಸಿ ನಾನು ಹಿಂದೆ ಕಂಬಿ ಹಿಡಿದು ನಿಂತೆ. ಕಿಟಕಿಯ ಪಕ್ಕದಲ್ಲಿ ಒಬ್ಬಳು ಮುದುಕಿ ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು. ಅಕ್ಕನ ಕಡೆ ತಿರುಗಿದಳು.

"ಯಾವೂರವ್ವ?"

"ಒಳೆನರ್ಸೀಪುರ," ಎಂದಳು ಅಕ್ಕ.

ನಾನು ಬಗ್ಗಿ ನೋಡಿದೆ. ಅವಳು ಮುದುಕಿಯ ಮುಖವನ್ನೇ ನೋಡುತ್ತಿದ್ದಳು.

"ನಂದು ಅಳ್ಳಿಮೈಸೂರು. ಎಸ್ರೇನು?"

"ಏಮಾವತಿ."

"ನಮ್ ನಾದಿನಿ ಎಸ್ರೂ ಅದೇಯ. ಆಸ್ನಕ್ಕೆ ಏನ್ ಬಂದಿದ್ರಿ?"

"ಪರೀಕ್ಷೆ ಇತ್ತು."

"ಪಾಸಾದ್ರಾ?"

"ಇಲ್ಲ."

"ಬುಡಿ ಅತ್ಲಾಗೆ," ಎಂದಳು ಮುದುಕಿ. "ಈ ವಯಸ್ನಲ್ಲಿ ಪಾಸಾಗಿ ಏನ್ ಗುಡ್ಡೆ ಆಕ್ಬೇಕು." ಸೊಂಟದ ಸಂಚಿ ಬಿಚ್ಚಿ ಒಂದು ಅಡಿಕೆ ಚೂರನ್ನು ಅಕ್ಕನ ಎಡಗೈಗೆ ಹಾಕಿದಳು.

ಡ್ರೈವರು ಇನ್ನೂ ಬಂದಿರಲಿಲ್ಲ. ಇಳಿದು ಓಡಿದರೆ ಆ ಡಾಕ್ಟರುಗಳು ಎದ್ದು ಹೋಗುವುದರೊಳಗೆ ತಲುಪಬಹುದಾಗಿತ್ತು. ಆದರೆ ಆ ಮೇಜಿನ ಮುಂದೆ ಕೂರಿಸಿದೊಡನೆ ಅವಳು ಮತ್ತೆ ಗೊರೂರಿನ ನದಿಯೇ ಆಗಿಬಿಡುತ್ತಾಳೆಂದು ನನಗೆ ಗೊತ್ತಿತ್ತು. ಕಂಬಿ ಹಿಡಿದುಕೊಂಡು ನಿಂತೇ ಇದ್ದೆ.